ಕಂಬಳಿಯೊಳಗಿನ ಜ್ವರ

ರಜೆ ಚೀಟಿಯಲ್ಲಿ ‘ತೀವ್ರ ಜ್ವರ’ ಎಂದು ಬರೆದು ಜಯಶೀಲ ಸಹಿ ಹಾಕಿದ. ಗುಬ್ಬಿಯ ಕಚೇರಿಯಲ್ಲಿ ಎಂಟು ವರ್ಷದ ಗುಮಾಸ್ತಿಕೆ. ಇದು ಮೊದಲ ಸುಳ್ಳು. ಬೈಬಲ್ಲಿನ ಒಂದು ಕೀರ್ತನೆಯನ್ನು ತಪ್ಪಿಲ್ಲದೆ ಒಪ್ಪಿಸಿದರೆ ಕುಣಿಗಲ್ ಫಾರಂನ ಕುದುರೆ ತೋರಿಸುತ್ತೇನೆಂದು ಏಳು ವರ್ಷದ ಮಗಳು ಲೀಲಳಿಗೆ ಹೇಳಿದ್ದ. ಹುಡುಗಿ ಒಪ್ಪಿಸಿಬಿಟ್ಟಳು. ಅಪ್ಪನೇ ಮಾತಿಗೆ ತಪ್ಪಿದರೆ ದೇವರ ಮಾತನ್ನು ಅವಳು ನಂಬುವುದು ಹೇಗೆ?

ಆದರೆ ಸೂಪರಿಂಟೆಂಡೆಂಟ್ ಪರಮಶಿವಯ್ಯನವರು ಕಾಯಿಲೆಗಲ್ಲದೆ ರಜೆ ಕೊಡುವವರಲ್ಲ. ಹೋದ ತಿಂಗಳು ಜೊತೆಯ ಗುಮಾಸ್ತ ದಾಸಯ್ಯನ ಹೊಟ್ಟೆನೋವು ಹುಸಿಯೆಂದು ತಿಳಿದ ವಾರದೊಳಗೆ ಎತ್ತಂಗಡಿಯಾಗಿ ಅವನ ಟ್ರಂಕು ದೂರದ ಪಾವಗಡದ ಬಸ್ಸಿನ ಮೇಲಿತ್ತು. ಜಯಶೀಲನ ಹೆಂಡತಿ ಹೆರಿಗೆಗೆ ಬೆಳ್ಳಾವಿಯ ತವರಿಗೆ ಹೋಗಿದ್ದಳು. ಮಗಳ ಶಾಲೆ ಇಲ್ಲಿ. ಈಗ ತನಗೂ ಎತ್ತಂಗಡಿಯಾದರೆ ಸಂಸಾರ ಮೂರು ಪಾಲು.

ಮದುವೆಯ ಬೂಟು ಮೆಟ್ಟಿಕೊಂಡು ಹೋದ. ಕುದುರೆ ತೋರಿಸಿದ. ಸಂಜೆ ಮಗಳೊಂದಿಗೆ ಬಸ್ಸಿಳಿದು ಬಂದರೆ, ಬೀದಿ ತುದಿಯಲ್ಲೇ ಪಕ್ಕದ ಮನೆಯ ಹೊಂಬಾಳಮ್ಮ ಅಡ್ಡಗಟ್ಟಿದಳು.

“ನಿಮ್ ಸಾಹೇಬ್ರು ಬ್ರೆಡ್ಡು ತಕಂಡು ನಿನ್ನ ನೋಡಕ್ಕೆ ಬಂದವ್ರೆ ಕಣಪ್ಪಾ! ಜಗಲಿ ಮೇಲೆ ಕೂತವ್ರೆ.”

“ಬೀಗ ನೋಡಿಬಿಟ್ರಾ?”

“ನೋಡಿದ್ರು. ಜ್ವರದ ಅಮಲಲ್ಲಿ ಎದ್ದು ಓಡ್ತಾನೆ, ಅದ್ಕೇ ನಾನೇ ಬೀಗ ಹಾಕಿದೀನಿ ಅಂದುಬುಟ್ಟೆ. ಕೀ ಕೊಡು ಇತ್ಲಾಗೆ. ನೀನು ಹಿತ್ಲಿಂದ ಹೋಗು!”

ಜಯಶೀಲ ಮಗಳನ್ನು ಎತ್ತಿಕೊಂಡು ಹಿತ್ತಿಲ ಗೋಡೆ ಹಾರಿ, ಕಿಟಕಿಯಿಂದ ಕೈ ತೂರಿಸಿ ಹಿಂಬಾಗಿಲ ಚಿಲಕ ತೆಗೆದು, ಮೊಲ ಬಿಲ ಸೇರುವಂತೆ ಕಂಬಳಿಯೊಳಗೆ ಸೇರಿದ. ಮುಂಬಾಗಿಲು ತೆರೆಯಿತು.

“ಏನ್ರೀ, ಹಿಂಗ್ ಬೆವರ್ತಾ ಇದೀರಿ?” ಪರಮಶಿವಯ್ಯ ಕುರ್ಚಿ ಎಳೆದುಕೊಂಡರು.

“ಜ್ವರ ಬಿಡ್ತಾ ಇದೆ ಸಾರ್.”

ಅಷ್ಟರಲ್ಲಿ ಗಡಿಯಾರ ಏಳು ಹೊಡೆಯಿತು. ಲೀಲ ಮೊಣಕಾಲೂರಿ ಕೂತಳು. “ಅಪ್ಪಾ, ಪ್ರಾರ್ಥನೆ ಟೈಮು. ಇವತ್ತು ನನ್ನ ಸರದಿ.”

“ನಾಳೆ ಮಾಡಣ ಮಗಾ...”

“ಛೇ, ತಪ್ಪಿಸ್ಬೇಡಿ,” ಎಂದರು ಪರಮಶಿವಯ್ಯ. “ನಾವು ಅಂಗೈಯಲ್ಲಿ ಲಿಂಗ ನೋಡ್ತಾ ಪೂಜೆ ಮಾಡೋರು. ನಿಮ್ದು ಹ್ಯಾಗೋ ಹಾಗೆ ಆಗ್ಲಿ. ನಾನೂ ಕೂತಿರ್ತೀನಿ.”

ಜಯಶೀಲ ಕಣ್ಣು ಮುಚ್ಚಿದ. ದೇವರ ಹತ್ತಿರ ಏನನ್ನೂ ಮುಚ್ಚಿಡಬಾರದೆಂದು ಕಲಿಸಿದವನು ಅವನೇ. ಹೋದ ವಾರವಷ್ಟೇ ಲೀಲ, ಹೊಂಬಾಳಮ್ಮ ಕದ್ದು ಕಿತ್ತ ನುಗ್ಗೆಕಾಯಿಗಳನ್ನು ಅವಳೆದುರಿಗೇ ಎಣಿಸಿ ದೇವರಿಗೆ ಒಪ್ಪಿಸಿದ್ದಳು. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ. ಆ ನಿಯಮವೂ ಅವನದೇ.

“ತಂದೆಯೇ, ಈ ದಿನಕ್ಕಾಗಿ ಸ್ತೋತ್ರ,” ಎಂದು ಲೀಲ ಮಾತು ನಿಲ್ಲಿಸಿದಳು. ಗಡಿಯಾರದ ಸದ್ದೊಂದೇ. ಜಯಶೀಲನಿಗೆ ಪಾವಗಡದ ಬಸ್ಸಿನ ಹಾರ್ನ್ ಕೇಳಿಸಿದಂತಾಯಿತು.

“ಅಪ್ಪನಿಗೆ... ಬೆಳಿಗ್ಗೆಯಿಂದ ಜ್ವರ. ಹಾಸಿಗೆಯಿಂದ ಎದ್ದೇ ಇಲ್ಲ. ವಾಸಿ ಮಾಡು. ಆಮೆನ್.”

ಉಳಿದೆ ಎಂದುಕೊಂಡ. ಮರುಗಳಿಗೆಯೇ ಹೊಳೆಯಿತು. ಮಗಳು ದೇವರಿಗೇ ಸುಳ್ಳು ಹೇಳಿದ್ದಳು. ಕಲಿಸಿದವನು ತಾನು.

ಪರಮಶಿವಯ್ಯ ಬ್ರೆಡ್ಡನ್ನು ದಿಂಬಿನ ಪಕ್ಕ ಇಟ್ಟು ಎದ್ದರು. ಲೀಲ ಅವರನ್ನು ಬಾಗಿಲ ತನಕ ಕಳಿಸಿ ಬಂದಳು.

“ದೇವರ ಹತ್ರ ಸುಳ್ಳು ಹೇಳಿದೆಯಲ್ಲ ಮಗಾ,” ಎಂದ ಜಯಶೀಲ.

“ಇಲ್ಲಪ್ಪಾ. ಕಣ್ಣು ಬಿಟ್ಕೊಂಡೇ ಹೇಳಿದೆ. ಕಣ್ಣು ಮುಚ್ಚದೆ ಹೇಳಿದ್ರೆ ಪ್ರಾರ್ಥನೆ ಅಲ್ಲ ಅಂತ ನೀನೇ ಹೇಳಿದ್ದೆಯಲ್ಲ.”

ಜಯಶೀಲನಿಗೆ ಹೋದ ಜೀವ ಬಂದಂತಾಯಿತು. ನಕ್ಕೇಬಿಟ್ಟ.

“ಆ ಮಾಮನೂ ಕಣ್ಣು ಮುಚ್ಚಲಿಲ್ಲ,” ಎಂದಳು ಲೀಲ. “ನಿನ್ನ ಬೂಟನ್ನೇ ನೋಡ್ತಿದ್ರು.”

ಅವನು ಕೆಳಗೆ ನೋಡಿದ. ಕಂಬಳಿಯ ತುದಿಯಿಂದ ಮದುವೆಯ ಬೂಟುಗಳೆರಡೂ ಆಚೆ ಬಂದಿದ್ದವು. ಅಟ್ಟೆಗೆ ಕುದುರೆ ಲದ್ದಿ ಮೆತ್ತಿತ್ತು.

“ಹೋಗ್ತಾ, ನಿಮ್ಮಪ್ಪನ್ನ ಒಂದು ಮಾತು ಕೇಳು ಅಂದ್ರು,” ಲೀಲ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತ ಹೇಳಿದಳು. “ಅಪ್ಪಾ, ಪಾವಗಡದಲ್ಲೂ ಕುದುರೆ ಇವೆಯಾ?”