ಬಾಯಿಂದ ತಯಾರಿಸಿದ ಕ್ಲೋರಿನ್

ನಾನು ಜೀವಮಾನದಲ್ಲಿ ಒಂದೇ ಒಂದು ಸಲ ಕ್ಲೋರಿನ್ ಅನಿಲ ತಯಾರಿಸಿದ್ದೇನೆ. ಅದೂ ಬಾಯಿಂದ. ಮ್ಯಾಂಗನೀಸ್ ಡೈಆಕ್ಸೈಡ್ ಬೇಕಾಗಲಿಲ್ಲ, ಆಮ್ಲ ಬೇಕಾಗಲಿಲ್ಲ, ಗಾಜಿನ ನಳಿಗೆಯೂ ಬೇಕಾಗಲಿಲ್ಲ. ನಾಲ್ಕು ಮಾತು ಸಾಕಾದವು. ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ, ಹೇಳಿಕೊಂಡರೆ ಹಗುರಾಗುತ್ತದೆ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ಅವಳ ಮುಂದೆ ಹತ್ತು ಸಲ ಹೇಳಿದೆ. ಹನ್ನೊಂದನೇ ಸಲಕ್ಕೆ ಅವಳೇ ಎದ್ದು ಒಳಗೆ ಹೋದಳು. ಆದ್ದರಿಂದ ಈಗ ನಿಮ್ಮ ಪಾಳಿ.

ಗುಡಗೇರಿ ಸ್ಟೇಶನ್ನಿನಲ್ಲಿ ಇಳಿದು ಮೂರು ಮೈಲು ನಡೆದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಸಾಯನ್ಸ್ ಮಾಸ್ತರ. ಎಂಬತ್ತರ ದಶಕದ ಮಾತು. ಬಿ.ಎಸ್ಸಿ.ಯಲ್ಲಿ ನನಗೆ ಬಂದ ದರ್ಜೆ ಯಾವುದು ಅಂತ ಕೇಳಬೇಡಿ. ರೈಲಿನಲ್ಲಿಯೂ ನಾನು ಅದೇ ದರ್ಜೆಯಲ್ಲಿ ಓಡಾಡುತ್ತಿದ್ದೆ ಅಂದರೆ ತಿಳಿದುಕೊಳ್ಳಿ. ಹದಿನಾಲ್ಕು ವರ್ಷ ನಾನು ಆಮ್ಲಜನಕವನ್ನು ಬೋರ್ಡಿನ ಮೇಲೆ ಖಡುವಿನಿಂದಲೇ, ಅಂದರೆ ಸೀಮೆಸುಣ್ಣದಿಂದಲೇ, ತಯಾರಿಸಿದೆ. ಖಡುವಿನ ಬರ್ನರು, ಖಡುವಿನ ಉರಿ, ಖಡುವಿನ ಗುಳ್ಳೆ. ಒಂದು ಸಲ ಒಬ್ಬ ಹುಡುಗ ಪರೀಕ್ಷೆಯಲ್ಲಿ ‘ಆಮ್ಲಜನಕದ ಬಣ್ಣವೇನು?’ ಅನ್ನುವ ಪ್ರಶ್ನೆಗೆ ‘ಬಿಳಿ’ ಅಂತ ಬರೆದಿದ್ದ. ತಪ್ಪು ಅಂತ ಗೀಟು ಹಾಕಲು ನನ್ನ ಕೈ ಏಳಲಿಲ್ಲ. ಪಾಪ, ಅವನು ಕಂಡದ್ದನ್ನೇ ಬರೆದಿದ್ದ.

ಹಾಗಂತ ನಮ್ಮಲ್ಲಿ ಪ್ರಯೋಗಶಾಲೆ ಇರಲಿಲ್ಲ ಅನ್ನುವ ಹಾಗಿಲ್ಲ. ಇತ್ತು. ನನ್ನ ಹನ್ನೊಂದನೇ ವರ್ಷಕ್ಕೆ ಊರವರು ಕಲ್ಲು ಹೊತ್ತು ಕಟ್ಟಿಸಿದ ಗಟ್ಟಿ ಕೋಣೆ. ಎರಡು ಪೆಟ್ಟಿಗೆ ತುಂಬ ಗಾಜಿನ ಸಾಮಾನೂ ಬಂದಿದ್ದವು. ಅವುಗಳ ಹುಲ್ಲು ಬಿಚ್ಚುವ ಹೊತ್ತಿಗೆ ಸಂಸ್ಥೆಯ ಚೇರಮನ್ ಬಸನಗೌಡರು ಬಂದು ಕೋಣೆಯ ನಡುವೆ ನಿಂತರು. ಬೆಚ್ಚಗಿನ ನೆಲ, ಒಂದು ಹನಿ ಸೋರದ ಮಾಳಿಗೆ. ಅವರ ಕಣ್ಣು ಹಿಗ್ಗಿದವು. “ಮಾಸ್ತರ, ನಮ್ಮವು ಒಂದಿಷ್ಟು ಮೆಣಸಿನಕಾಯಿ ಚೀಲ ಅದಾವ. ನಾಕ ದಿನ ಇಲ್ಲಿ ಇಡ್ತೇನಿ. ರೇಟು ಬಂದ ಕೂಡ್ಲೆ ಒಯ್ತೇನಿ,” ಅಂದರು. ಗೌಡರ ನಾಲ್ಕು ದಿನ ಮೂರು ವರ್ಷಕ್ಕೂ ಮುಗಿಯಲಿಲ್ಲ. ಹಳೆ ಚೀಲ ಹೋದರೆ ಹೊಸ ಚೀಲ ಬರುತ್ತಿದ್ದವು. ಅವೂ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಕಾಯಿಯಲ್ಲ. ಬಾಗಿಲು ತೆಗೆದರೆ ಸಾಕು ಮೂಗು, ಕಣ್ಣು, ಬಾಯಿ ಒಟ್ಟಿಗೇ ಸುರಿಯುವಂಥ ಯಾವುದೋ ಗಿಡ್ಡ ಜಾತಿ. ಗೌಡರಿಗೆ ಎದುರಾಡುವ ಗಂಡಸು ನಮ್ಮ ಊರಲ್ಲಿ ಇರಲಿಲ್ಲ. ನಾನಂತೂ ಪರವೂರಿನವನು.

ಹೀಗೆ ಹೇಗೋ ನಡೆದುಹೋಗುತ್ತಿತ್ತು, ಫಕೀರವ್ವ ಅನ್ನುವ ಹುಡುಗಿ ನನ್ನ ಕ್ಲಾಸಿಗೆ ಬರದೇ ಇದ್ದಿದ್ದರೆ. ಕುರಿ ಸಾಕುವ ಮಲ್ಲಪ್ಪನ ಮಗಳು. ಎಂಟನೇ ಇಯತ್ತೆಗೆ ಬಂದ ದಿನವೇ ಕೈ ಎತ್ತಿ ನಿಂತಳು. “ಸರ್, ಮೊದಲ ಮಳಿ ಆದ ಮ್ಯಾಲೆ ಹಸಿ ಹುಲ್ಲ ತಿಂದ ಕುರಿ ಧಡ್ ಅಂತ ಬಿದ್ದ ಸಾಯತಾವಲ್ರಿ, ಅದು ಯಾಕ್ರಿ? ಹುಲ್ಲಿನಾಗ ಏನರ ಇರತೈತೋ, ಕುರಿ ಹೊಟ್ಟ್ಯಾಗ ಇರತೈತೋ?” ನಮ್ಮ ಪುಸ್ತಕದಲ್ಲಿ ಕುರಿಯೇ ಇರಲಿಲ್ಲ, ಕಪ್ಪೆ ಇತ್ತು. ನಾಳೆ ಹೇಳುತ್ತೇನೆ ಅಂದೆ. ಮರುದಿನ ಮತ್ತೆ ನಿಂತಳು. ನಾಳೆ ಅಂದೆ. ಇಂಥ ನಾಳೆಗಳು ಎರಡು ವರ್ಷ ಕಳೆದು ಅವಳು ಹತ್ತನೇ ಇಯತ್ತೆಗೆ ಬಂದಳು. ಅಷ್ಟರೊಳಗೆ ಅವಳೇ ಒಂದು ತೀರ್ಮಾನಕ್ಕೆ ಬಂದಿದ್ದಳು: ಮಾಸ್ತರಿಗೆ ಗೊತ್ತಿಲ್ಲ, ಮುಂದೆ ಸಾಯನ್ಸ್ ಓದಿ, ದನದ ಡಾಕ್ಟರಾಗಿ, ತಾನೇ ಕಂಡುಹಿಡಿಯಬೇಕು. ನನ್ನ ಅಜ್ಞಾನದಿಂದ ದೇಶಕ್ಕೆ ಆದ ಉಪಕಾರ ಅಂದರೆ ಇಷ್ಟೇ.

ಮುಂದೆ ಓದುವುದೆಲ್ಲಿ? ಸಾಯನ್ಸ್ ಬೇಕಂದರೆ ಹುಬ್ಬಳ್ಳಿ ಕಾಣಬೇಕು. ಮಲ್ಲಪ್ಪ ವರ್ಷದ ಅರ್ಧ ಕುರಿ ಹಿಂಡಿನ ಜೋಡಿ ಅಡವಿಯಲ್ಲಿ ಇರುತ್ತಿದ್ದ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಕೂಲಿಗೆ ಹೋಗುವ ತಾಯಿ. “ಊರಾಗ ಸಾಯನ್ಸ್ ಬಂದ್ರ ಅಗದಿ ಖುಷಿಲೆ ಓದಸ್ತೇನ್ರಿ ಮಾಸ್ತರ. ಮನ್ಯಾಗ ಒಬ್ಬಾಕಿ ಕುರಿ ಡಾಕ್ಟರ ಇದ್ರ ನನಗೂ ಛಲೋನ. ಆದ್ರ ದಿನಾ ಹುಬ್ಬಳ್ಳಿ ಗಾಡಿ ಹತ್ತಸಾಂಗಿಲ್ಲ,” ಅಂದಿದ್ದ. ಆ ವರ್ಷವೇ ನಮ್ಮ ಹೈಸ್ಕೂಲಿಗೆ ಜೂನಿಯರ್ ಕಾಲೇಜು ಮಂಜೂರಾಗುವ ಸುದ್ದಿ ಬಂತು. ಕಲಾ ವಿಭಾಗ ಹೇಗೂ ಸಿಗುತ್ತದೆ. ಪ್ರಯೋಗಶಾಲೆ ಸರಿಯಿದ್ದರೆ ಸಾಯನ್ಸೂ ಕೊಡುತ್ತಾರಂತೆ, ನೋಡಲು ಇಲಾಖೆಯ ಸಾಹೇಬರು ಬರುತ್ತಾರಂತೆ. ಆ ಕಾಗದವನ್ನು ಫಕೀರವ್ವನಿಗೆ ನಾನೇ ಓದಿ ಹೇಳಿದೆ. ಅವಳು ಮನೆತನಕ ಓಡಿದಳು. ನನಗೂ ಅವತ್ತು ಊಟ ಎರಡು ರೊಟ್ಟಿ ಹೆಚ್ಚೇ ಹೋಯಿತು. ಜನ್ಮದಲ್ಲಿ ಒಂದಾದರೂ ಹುಡುಗಿಯನ್ನು ದಾರಿಗೆ ಹಚ್ಚಿದೆ ಅಂತ ಅನ್ನಿಸಿಕೊಳ್ಳುವ ಆಸೆ ಯಾವ ಮಾಸ್ತರಿಗೆ ಇರುವುದಿಲ್ಲ ಹೇಳಿ.

ಸಾಹೇಬರು ಬರುವ ಹಿಂದಿನ ದಿನ ಚೀಲಗಳು ಚಕ್ಕಡಿ ಹತ್ತಿದವು. ಶಾಲೆಯ ಸಿಪಾಯಿ ಯಲ್ಲಪ್ಪ ಕೋಣೆಯ ಕಸ ಬಳಿದ. ಮೂಲೆ ಮೂಲೆಯಿಂದ ಬಿದ್ದ ಕಾಯಿ, ಬೀಜ, ತೊಟ್ಟು ಎಲ್ಲ ಕೂಡಿಸಿದರೆ ಒಂದು ಬುಟ್ಟಿ. ಗಾಜಿನ ಸಾಮಾನು ತೊಳೆದು ಸಾಲಾಗಿ ಇಟ್ಟೆವು. ಮರುದಿನ ಮುಂಜಾನೆ ಗೌಡರು ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟರು. “ಏನ್ರಿ ಮಾಸ್ತರ, ಲಕಲಕಾ ಅನ್ನಾಕತ್ತೈತಿ! ಸುತ್ತ ನಾಕ ಹಳ್ಳ್ಯಾಗ ಇಂಥಾದ್ದಿಲ್ಲ. ಹೊಟ್ಟಿಕಿಚ್ಚಿನ ಮಂದಿ ಭಾಳ ಐತಿ. ಸಾಹೇಬ್ರು ಬರೂದರಾಗ ಒಮ್ಮೆ ದೃಷ್ಟಿ ತಗದ ಬಿಡೂಣು.”

ಈಗ ನೋಡಿ, ನಾನು ವಿಜ್ಞಾನದ ಮಾಸ್ತರ. ಬರಲಿರುವುದು ವಿಜ್ಞಾನದ ಕೋರ್ಸು. ನಿಂತಿರುವುದು ವಿಜ್ಞಾನದ ಕೋಣೆ. ‘ಗೌಡ್ರ, ಇದೆಲ್ಲಾ ಮೂಢನಂಬಿಕಿ’ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಇರಲಾರದು. ನಾನೇನು ಮಾಡಿದೆ? ಬೆಂಕಿಪೆಟ್ಟಿಗೆ ಕೊಟ್ಟೆ. ಮನೆಯಲ್ಲಿ ದೃಷ್ಟಿ ತೆಗೆಯುವಾಗ ನಾಲ್ಕು ಕಾಯಿ, ಒಂದು ಚಿಟಿಕೆ ಉಪ್ಪು ಸಾಕು. ಆದರೆ ಇದು ಇಡೀ ಕೋಣೆ. ಕೋಣೆಯ ಅಳತೆಗೆ ತಕ್ಕ ದೃಷ್ಟಿ ಇರುತ್ತದೆ ಅಂತ ಯಲ್ಲಪ್ಪ ಲೆಕ್ಕ ಹಾಕಿದ. ಮುಂದೆ ಬುಟ್ಟಿಯೂ ತಯಾರಿತ್ತು. ಮೂರು ಸುತ್ತು ಇಳಿಸಿ, ಇಡೀ ಬುಟ್ಟಿಯನ್ನು ಕೆಂಡದ ಮೇಲೆ ಸುರುವಿದ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆಯಿತು. ಯಲ್ಲಪ್ಪ ಕಿಡಕಿಯಿಂದ ಹಾರಿದ. ಹೆಡ್‌ಮಾಸ್ತರರು ಎಲ್ಲಿಗೆ ಹೋದರೋ, ಮಧ್ಯಾಹ್ನದವರೆಗೆ ಕಾಣಲಿಲ್ಲ. ಗೌಡರು ಧೋತರದ ಚುಂಗು ಬಾಯಿಗೆ ಒತ್ತಿಕೊಂಡು, ಕಣ್ಣೀರು ಸುರಿಸುತ್ತ, “ಘಾಟ... ಘಾಟ ಬಂತಲ್ಲ! ದೃಷ್ಟಿ ಆಗಿಲ್ಲ ಬಿಡ್ರಿ! ದೃಷ್ಟಿ ಆಗಿದ್ರ ಘಾಟ ಬರ್ತಿದ್ದಿಲ್ಲ!” ಅಂತ ಸಂತೋಷಪಟ್ಟರು. ಗಾಡಿಯ ದಿನದ ತಡ ಹಿಡಿದರೆ ಸಾಹೇಬರು ಬರಲು ಇನ್ನೂ ಒಂದು ತಾಸು ಇತ್ತು, ಅಷ್ಟರಲ್ಲಿ ಗಾಳಿ ಆಡಿದರೆ ಸರಿಹೋಗುತ್ತದೆ ಅಂತ ನಾನು ಧೈರ್ಯ ತಂದುಕೊಂಡೆ. ನಮ್ಮ ಪ್ಯಾಸೆಂಜರ್ ಗಾಡಿ ನಾನು ಕಂಡ ಹದಿನಾಲ್ಕು ವರ್ಷದಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದೇ ಇಲ್ಲ. ಅವತ್ತು ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ಸಾಹೇಬರು.

ಪಾಪ, ಒಳ್ಳೆಯ ಮನುಷ್ಯ. ಒಂದು ಹೆಜ್ಜೆ ಒಳಗೆ ಇಟ್ಟವರೇ ಕೆಮ್ಮಲು ಶುರುಮಾಡಿದರು. ಪ್ರಯೋಗ ತೋರಿಸಲು ನಿಲ್ಲಿಸಿದ್ದ ಐದಾರು ಹುಡುಗರು ಮೊದಲೇ ಕೆಮ್ಮುತ್ತಿದ್ದರು. ಅವರ ನಡುವೆ ಸೆರಗು ಮೂಗಿಗೆ ಹಿಡಿದು ಫಕೀರವ್ವ. “ಏನ್ರಿ ಇದು? ಏನ ಸುಡಾಕತ್ತೀರಿ?” ಅಂತ ಸಾಹೇಬರು ಕೇಳಿದರು. ಗೌಡರು ಬಾಯಿ ತೆಗೆದರು, ಕೆಮ್ಮು ಬಂತು, ಮುಚ್ಚಿದರು. ಎಲ್ಲರೂ ನನ್ನ ಕಡೆ ನೋಡಿದರು. ಸಾಯನ್ಸ್ ಕೋಣೆಯಲ್ಲಿ ದೃಷ್ಟಿ ತೆಗೆದೆವು ಅಂತ ಯಾವ ಬಾಯಿಂದ ಹೇಳಲಿ? ಸಾಹೇಬರು ಇತಿಹಾಸದ ಎಂ.ಎ. ಅನ್ನುವುದು ಮಾತ್ರ ನನಗೆ ಗೊತ್ತಿತ್ತು. ಇವರಿಗೆ ರಸಾಯನಶಾಸ್ತ್ರ ಏನು ತಿಳಿಯುತ್ತದೆ ಅನ್ನುವ ಕೆಟ್ಟ ಧೈರ್ಯ ಬಂತು.

“ಕ್ಲೋರಿನ್ ತಯಾರ್ ಮಾಡಸಾಕತ್ತೇನ್ರಿ, ಸಾಹೇಬ್ರ,” ಅಂದೆ.

ಸಾಹೇಬರ ಮುಖದಲ್ಲಿ ಗೌರವ ಮೂಡಿತು. ಆಣೆ ಮಾಡಿ ಹೇಳುತ್ತೇನೆ, ಮೂಡಿತು. ಅಂಥ ಗೌರವ ನನಗೆ ಮಾವನ ಮನೆಯಲ್ಲಿಯೂ ಸಿಕ್ಕಿರಲಿಲ್ಲ. “ಕ್ಲೋರಿನ್ ಅಂದ್ರ, ಮೊದಲನೇ ಮಹಾಯುದ್ಧದಾಗ ಸೈನಿಕರ ಮ್ಯಾಲೆ ಬಿಟ್ಟಿದ್ರಲ್ಲ, ಅದ ಏನು?” ಅಂದರು.

“ಅದ ರೀ! ಅಗದಿ ಅದ!” ಅಂದೆ. ಎಷ್ಟು ಉಮೇದಿ ನನಗೆ!

“ಎಷ್ಟ ದಿನಕ್ಕೊಮ್ಮೆ ಮಾಡಸ್ತೀರಿ?”

“ವಾರಕ್ಕ ಎರಡ ಸಲ್ರಿ.”

“ಇದ ಕೋಣ್ಯಾಗ? ಇಷ್ಟ ಹುಡುಗೂರನ್ನ ಇಟ್ಟುಕೊಂಡು?”

“ಇಷ್ಟ ಅಲ್ರಿ, ಒಮ್ಮೊಮ್ಮೆ ಐವತ್ತ ಮಂದಿ ಇರ್ತಾರ್ರಿ. ಒಬ್ಬರನ್ನೂ ಹೊರಗ ಬಿಡೂದಿಲ್ರಿ.”

ಅಷ್ಟರಲ್ಲಿ ಫಕೀರವ್ವ ಕೈ ಎತ್ತಿದಳು. ಅವಳು ಕೈ ಎತ್ತಿದರೆ ನನಗೆ ಮೊದಲೇ ಎದೆ ಧಸಕ್ಕನ್ನುತ್ತಿತ್ತು. “ಸರ್, ಕ್ಲೋರಿನ್...” ಅಂತ ಶುರುಮಾಡಿದಳು. ನಾನು ಕಣ್ಣು ಕಿಸಿದು ನೋಡಿದೆ. ಕೈ ಇಳಿಯಿತು. ಸಾಹೇಬರು ಏನೋ ಬರೆದುಕೊಂಡರು, ಗೌಡರ ಮನೆಯಲ್ಲಿ ಊಟಕ್ಕೂ ನಿಲ್ಲದೆ, ಕಣ್ಣು ಒರೆಸಿಕೊಳ್ಳುತ್ತ ಸ್ಟೇಶನ್ನಿನ ದಾರಿ ಹಿಡಿದರು. “ಪಾಸ್ ಆದ್ವಿ ಮಾಸ್ತರ! ಛಲೋ ಹೇಳಿದ್ರಿ ನೀವು!” ಅಂತ ಗೌಡರು ನನ್ನ ಬೆನ್ನಿಗೆ ಗುದ್ದಿದರು. ನಾನೂ ಹಿಗ್ಗಿ ಹೀರೇಕಾಯಿಯಾದೆ. ಸಂಜೆಗೆ ಚೀಲಗಳು ತಿರುಗಿ ಬಂದವು.

ತಿಂಗಳು ಕಳೆದು ಆದೇಶ ಬಂತು. ಕಲಾ ವಿಭಾಗಕ್ಕೆ ಮಂಜೂರಾತಿ. ವಿಜ್ಞಾನ ವಿಭಾಗಕ್ಕೆ ಇಲ್ಲ. ಕಾರಣ: ‘ಸದರಿ ಶಾಲೆಯಲ್ಲಿ ಮಾರಕ ವಿಷಾನಿಲವನ್ನು ಯಾವುದೇ ಮುಂಜಾಗ್ರತೆಯಿಲ್ಲದೆ ವಾರಕ್ಕೆ ಎರಡು ಬಾರಿ ತಯಾರಿಸಲಾಗುತ್ತಿದ್ದು, ಸಾಯನ್ಸ್ ಶಿಕ್ಷಕರ ಅತಿ ಉತ್ಸಾಹದಿಂದ ಮಕ್ಕಳ ಜೀವಕ್ಕೆ ಅಪಾಯವಿರುತ್ತದೆ.’ ಅತಿ ಉತ್ಸಾಹ! ಹದಿನಾಲ್ಕು ವರ್ಷದಲ್ಲಿ ಒಂದು ಬೀಕರನ್ನೂ ಒದ್ದೆ ಮಾಡದ ನನಗೆ! ನಗಬೇಕೋ ಅಳಬೇಕೋ ತಿಳಿಯದೆ ಕಾಗದ ಹಿಡಿದುಕೊಂಡು ಕೂತೆ.

ಮರುದಿನವೇ ಧಾರವಾಡಕ್ಕೆ ಹೋಗಿ ಸಾಹೇಬರ ಮೇಜಿನ ಮುಂದೆ ಎಲ್ಲ ಒಪ್ಪಿಕೊಂಡೆ. ಮೆಣಸಿನಕಾಯಿ, ದೃಷ್ಟಿ, ಬೆಂಕಿಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಸಾಹೇಬರು ಹಣೆ ಹಣೆ ಬಡಿದುಕೊಂಡರು. “ಅಲ್ರಿ ಮಾಸ್ತರ, ಅವತ್ತ ಹೇಳಾಕ ಏನಾಗಿತ್ತು ಧಾಡಿ? ನಮ್ಮ ಮನ್ಯಾಗ ನನ್ನ ಹೇಂತಿ ಅಮಾಸಿಗೊಮ್ಮೆ ನನಗ ದೃಷ್ಟಿ ತಗೀತಾಳ. ನಕ್ಕು, ಸಹಿ ಹಾಕಿ, ಉಂಡ ಹೋಗ್ತಿದ್ದೆ. ಈಗ ಕಾಗದ ಬೆಂಗಳೂರಿಗೆ ಹೋಗೇತಿ. ವಿಷಾನಿಲ ಅಂತ ಬರದಾಂವ ಈಗ ಮೆಣಸಿನಕಾಯಿ ಅಂತ ಹೆಂಗ ತಿದ್ದಲಿ? ನನ್ನ ಹುಚ್ಚ ಅಂತಾರ.” ಆಮೇಲೆ ಚಹಾ ತರಿಸಿದರು. ಕುಡಿದೆ. ಗಾಡಿ ಹತ್ತಿದೆ.

ಇನ್ನು ಉಳಿದದ್ದು ಒಂದೇ ದಾರಿ, ಹುಬ್ಬಳ್ಳಿ. ಮಲ್ಲಪ್ಪ ಹಿಂಡಿನಿಂದ ಮನೆಗೆ ಬಂದದ್ದು ಕೇಳಿ ಓಡಿದೆ. ಕೈ ಹಿಡಿದು ಬೇಡಿಕೊಂಡೆ. ಗಾಡಿಯ ಗಾರ್ಡನ ಸಂಗಡ ನಾನೇ ಮಾತಾಡುತ್ತೇನೆ ಅನ್ನುವಂಥ ಮಾತುಗಳನ್ನೂ ಆಡಿದೆ. ಮಲ್ಲಪ್ಪ ಕಂಬಳಿ ಕೊಡವಿ ಹಾಸಿ, ನನ್ನನ್ನು ಕೂರಿಸಿ, ಮೆಲ್ಲಗೆ ಕೇಳಿದ. “ಮಾಸ್ತರ, ಹುಬ್ಬಳ್ಳ್ಯಾಗೂ ಆ ಗ್ಯಾಸ್ ಇರತೈತ್ರಿ? ಊರೆಲ್ಲಾ ಅದ ಸುದ್ದಿ. ಯುದ್ಧದಾಗ ಮಂದೀನ ಕೊಲ್ಲೂ ಗ್ಯಾಸಂತ. ಕುರಿ ಸತ್ರ ಇನ್ನೊಂದ ಕುರಿ ತರಬಹುದ್ರಿ.”

ತಡೆಯಲಿಲ್ಲ ನನಗೆ. “ಗ್ಯಾಸ್ ಅಲ್ಲೋ ಮಲ್ಲಪ್ಪ, ಅದು ಗೌಡ್ರ ಮೆಣಸಿನಕಾಯಿ! ನಾ ಸುಳ್ಳ ಹೇಳಿದೆ!” ಅಂದುಬಿಟ್ಟೆ.

ಮಲ್ಲಪ್ಪ ಕಂಬಳಿಯ ಅಂಚು ಸರಿಮಾಡಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. “ಇಷ್ಟ ಓದಿದವರು ನೀವ, ಒಂದ ಮೆಣಸಿನಕಾಯಿಗೆ ಅಂಜಿ ಸುಳ್ಳ ಹೇಳಿದ್ರಿ,” ಅಂದ. “ಈಗ ನಾ ನಿಮ್ಮ ಯಾವ ಮಾತ ನಂಬಿ ಕೂಸಿನ್ನ ಗಾಡಿ ಹತ್ತಸಲಿ?”

ಫಕೀರವ್ವ ಒಳಗಿನಿಂದ ಮಜ್ಜಿಗೆ ತಂದು ಮುಂದೆ ಇಟ್ಟಳು. ಅಳುತ್ತಿರಲಿಲ್ಲ. “ಕ್ಲೋರಿನ್ ಹಳದಿ-ಹಸರ ಇರತೈತಿ, ಗಾಳಿಗಿಂತ ಭಾರ, ಕೆಳಗ ಕೂಡತೈತಿ ಅಂತ ನೀವ ಬರಸಿದ್ರಿ ಸರ್,” ಅಂದಳು. “ಇದು ಬೆಳ್ಳಗ ಮ್ಯಾಲೆ ಮಾಳಿಗಿಗೆ ಹೋತು. ಅದನ್ನ ಸಾಹೇಬ್ರಿಗೆ ಹೇಳಾಕ ಕೈ ಎತ್ತಿದ್ದೆ.”

ಮಜ್ಜಿಗೆ ಅಲ್ಲೇ ಬಿಟ್ಟು ಎದ್ದು ಬಂದೆ. ಜೂನ್ ತಿಂಗಳಲ್ಲಿ ಅವಳು ನಮ್ಮ ಕಾಲೇಜಿನ ಕಲಾ ವಿಭಾಗಕ್ಕೇ ಹೆಸರು ಹಚ್ಚಿದಳು. ಅರ್ಜಿ ತುಂಬಿ ಕೊಡುವ ಕೆಲಸ ಹೆಡ್‌ಮಾಸ್ತರರು ನನಗೆ ಹಚ್ಚಿದ್ದರು. ‘ಈ ವಿಭಾಗವನ್ನು ಆರಿಸಿಕೊಳ್ಳಲು ಕಾರಣ’ ಅನ್ನುವ ಗೆರೆಯ ಹತ್ತಿರ ಪೆನ್ನು ನಿಂತಿತು. ಫಕೀರವ್ವ ಎದುರಿಗೆ ನಿಂತು ನೋಡುತ್ತಿದ್ದಳು. ಅವಳು ಕೈ ಎತ್ತುವುದನ್ನು ಬಿಟ್ಟು ಆಗಲೇ ಎರಡು ತಿಂಗಳಾಗಿತ್ತು. ‘ವಿದ್ಯಾರ್ಥಿನಿಯ ಸ್ವಂತ ಆಸಕ್ತಿ’ ಅಂತ ದುಂಡಗೆ ಬರೆದು ಕೆಳಗೆ ಸಹಿ ಹಾಕಿದೆ. ಈ ಸಲ ಒಂದು ಕೆಮ್ಮೂ ಬರಲಿಲ್ಲ.