ದೊಡ್ಡಪ್ಪ ವಾಪಸ್ ಕಳಿಸಿದ ವಾಕ್ಯಗಳು

ದೆವ್ವ ಪಿಶಾಚಿಗೆಲ್ಲ ಹೆದರದ ನಮ್ಮ ಮನೆಮಂದಿ, ದೊಡ್ಡಪ್ಪ ಬೈಬಲ್ ತೆರೆದರೆ ಹೆದರುತ್ತಾರೆ! ಉಡುಪಿ ಕಡೆಯ ಕ್ರೈಸ್ತರು ನಾವು, ಮುಂಬೈ ಪಕ್ಕದ ಠಾಣೆಯ ವರ್ತಕ ನಗರದಲ್ಲಿ ವಾಸ. ಬೇರೆ ಮನೆಯ ಹಿರಿಯರು ದೇವರ ವಾಕ್ಯ ಓದಿ ಧೈರ್ಯ ತುಂಬುತ್ತಾರಂತೆ. ನಮ್ಮವರು ಇದ್ದ ಧೈರ್ಯವನ್ನೂ ಕಿತ್ತುಕೊಳ್ಳುತ್ತಾರೆ.

ತಪ್ಪು ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನದ್ದು. ಅಲ್ಲಿ ಆಯುಷ್ಯವಿಡೀ ಸರಳು ಮಾರಿದ ದೊಡ್ಡಪ್ಪ ಗಿರಾಕಿಯನ್ನು ಕೇಳುತ್ತಿದ್ದುದು ಒಂದೇ: "ಯಾವ ಕೆಲಸಕ್ಕೆ?" ಕಿಟಕಿಯ ಸರಳನ್ನು ಕಂಬಕ್ಕೆ ಹಾಕಿದರೆ ಕಟ್ಟಡ ತಲೆ ಮೇಲೆ ಬೀಳುತ್ತದಲ್ಲ! ಅದೇ ಪ್ರಶ್ನೆಯನ್ನು ಬೈಬಲಿಗೂ ಹಚ್ಚಿದರು. ಯಾರು ಹೇಳಿದ್ದು, ಯಾರಿಗೆ, ಯಾವ ಕಷ್ಟದಲ್ಲಿ? ಅಳತೆ ಕೂಡದಿದ್ದರೆ ವಾಕ್ಯ ವಾಪಸ್.

ನನ್ನ ತಮ್ಮ ಕಾಮೋಠೆಯ ಹೊಸ ಫ್ಲ್ಯಾಟಿನಲ್ಲಿ, ದೇವರು ನಮಗೆ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂಬರ್ಥದ ವಾಕ್ಯಕ್ಕೆ ಫ್ರೇಮ್ ಹಾಕಿಸಿ ತೂಗುಹಾಕಿದ್ದ. ಅದರಡಿ ನಿಂತು ದೊಡ್ಡಪ್ಪ, "ಇದು ಬಾಬೆಲಿಗೆ ಸೆರೆ ಹೋದವರಿಗೆ ಬರೆದದ್ದು ಮಾರಾಯ. ಎಪ್ಪತ್ತು ವರ್ಷ ಅಲ್ಲೇ ಇರಬೇಕು ಅಂತ ಹಿಂದಿನ ಸಾಲಿನಲ್ಲೇ ಉಂಟು" ಎಂದರು. ಪಾಪ, ಅವನದು ಏಳನೇ ಮಹಡಿ. ಬಿಲ್ಡರ್ ಇನ್ನೂ ಲಿಫ್ಟ್ ಹಾಕಿರಲಿಲ್ಲ!

ನನ್ನ ಮಗಳು ಬೋರ್ಡ್ ಪರೀಕ್ಷೆಯ ದಿನ, ಎಲ್ಲಕ್ಕೂ ಶಕ್ತಳಾಗಿದ್ದೇನೆ ಎಂಬ ವಾಕ್ಯವನ್ನು ಜಪಿಸುತ್ತಿದ್ದಳು.

"ಅದು ಜೈಲಿನಿಂದ ಬರೆದದ್ದು ಮಗಾ, ಹಸಿವು ತಾಳುವ ವಿಷಯ. ಗಣಿತಕ್ಕೆ ನಡೆಯುವುದಿಲ್ಲ."

"ಅಜ್ಜಾ, ಆಜ್ ತೋ ಛೋಡ್ ದೋ, ಇವತ್ತಾದ್ರೂ ಬಿಡಿ!" ಎಂದು ಕಿರುಚಿ ಓಡಿದಳು, ಹಾಲ್ ಟಿಕೆಟ್ ಮೇಜಿನ ಮೇಲೆ ಬಿಟ್ಟು!

ಇಂಥವರ ಹೆಂಡತಿಗೆ, ನಮ್ಮ ದೊಡ್ಡಮ್ಮನಿಗೆ, ಹೃದಯದ ಆಪರೇಷನ್ ಎಂದಾಯಿತು. ಡಾಕ್ಟರು ನಗದೇ ಮಾತಾಡಿದ್ದರು. ದೊಡ್ಡಮ್ಮ ವಾಪಸ್ ಬರುತ್ತಾರೋ ಇಲ್ಲವೋ ಎಂಬ ಭಯ ನನಗೆ. ಆಪರೇಷನ್ ಥಿಯೇಟರಿನ ಬಾಗಿಲ ಪಕ್ಕ ಒಂದು ಮರಾಠಿ ಕ್ಯಾಲೆಂಡರ್. ಕುರಿ ಕಾಯುವವರ ಮುಂದೆ ದೇವದೂತ, ಕೆಳಗೆ "ಭಿಊ ನಕಾ", ಹೆದರಬೇಡಿ ಎಂದು. ಅಯ್ಯೋ ದೇವರೇ, ಇವತ್ತೊಂದು ದಿನ ಇದು ದೊಡ್ಡಪ್ಪನ ಕಣ್ಣಿಗೆ ಬೀಳದಿರಲಿ ಎಂದು ಅಡ್ಡ ನಿಂತೆ. ಸ್ಟ್ರೆಚರಿನಲ್ಲಿದ್ದ ದೊಡ್ಡಮ್ಮನಿಗೇ ಕಾಣಿಸಬೇಕೆ!

"ಅದು ಯಾರಿಗೆ ಹೇಳಿದ್ದು ಮಾರಾಯ್ರೆ?"

"ಕುರಿ ಕಾಯುವವರಿಗೆ" ಎಂದರು ದೊಡ್ಡಪ್ಪ.

"ಹಾಗಾದ್ರೆ ನಮಗಲ್ಲ." ದೊಡ್ಡಮ್ಮನ ಮುಖ ಸಣ್ಣದಾಯಿತು. ದೊಡ್ಡಪ್ಪನ ಬಾಯಿಗೆ ಕೈ ಅಡ್ಡ ಹಿಡಿಯೋಣವೇ ಎನಿಸಿತು ನನಗೆ.

ದೊಡ್ಡಪ್ಪ ಕ್ಯಾಲೆಂಡರನ್ನೇ ನೋಡುತ್ತ ನಿಂತರು. "ಯಾಕೆ ಹೇಳಿದ್ದು ಅಂತ ಕೇಳು. ಅವರು ಗಡಗಡ ನಡುಗ್ತಾ ಇದ್ದರು. ಹೆದರದವನಿಗೆ ಈ ಮಾತು ಎಂತಕ್ಕೆ? ನನ್ನ ಕೈ ನೋಡು." ಚಾಚಿದ ಕೈ ನಡುಗುತ್ತಿತ್ತು. "ಅಳತೆ ಸರಿ ಉಂಟು. ಇದು ನಮಗೇ ಹೇಳಿದ್ದು."

ದೊಡ್ಡಮ್ಮ ಆ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

"ಅದನ್ನೊಮ್ಮೆ ಓದು ಮಗಾ," ಎಂದರು ದೊಡ್ಡಪ್ಪ. "ಕನ್ನಡಕ ಮನೆಯಲ್ಲೇ ಬಿಟ್ಟು ಬಂದೆ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ಓದಿದೆ.