ಓಕೆ ಪರಿಶೀಲನಾ ಸಮಿತಿ

ನೀರು ಸರಬರಾಜು ಕಚೇರಿಯಲ್ಲಿ ‘ಓಕೆ’ ಎಂಬ ಇಂಗ್ಲಿಷ್ ಪದಕ್ಕೆ ಅಧಿಕೃತವಾಗಿ ಐದು ಅರ್ಥಗಳಿವೆ: ಮಂಜೂರಾಗಿದೆ, ಕೇಳಿಸಿದೆ, ಸಾಕು, ಹೊರಡು, ಫೋನಿನಲ್ಲಿ ಮನೆಯವರಿದ್ದಾರೆ. ಹಿಂದೊಮ್ಮೆ ಸಾಹೇಬರು ಹೆಂಡತಿಗೆ ಅಂದ ಓಕೆಯನ್ನು ಮಂಜೂರಾತಿ ಎಂದೇ ತಿಳಿದ ಪೈಪಿನವರು ಇಡೀ ಬೀದಿ ಅಗೆದುಹಾಕಿ, ಸಾಹೇಬರ ಬಚ್ಚಲಿಗೇ ನೀರು ನಿಲ್ಲಿಸಿದ್ದರು. ಅಂದಿನಿಂದ ಅಲ್ಲಿ ಓಕೆ ಪರಿಶೀಲನಾ ಸಮಿತಿ ಇದೆ. ಇಂಥ ಇನ್ನೊಂದು ಸಮಿತಿಯನ್ನು ಭೂಮಂಡಲದಲ್ಲಿ ತೋರಿಸಿಕೊಟ್ಟರೆ ಇಡೀ ಸಿಬ್ಬಂದಿ ಮೀಸೆ ಬೋಳಿಸಿಕೊಳ್ಳಲು ಸಿದ್ಧ.

ಹೀಗಿರಲು, ಮನೆಮನೆಯ ಮೀಟರ್ ಓದುವ ಮೀಟರಣ್ಣನಿಗೆ ನಲವತ್ತು ದಾಟಿದ ಮೇಲೆ ಕಂಕಣಬಲ ಕೂಡಿಬಂತು. ಹೆಣ್ಣು, ಎದುರು ಬೀದಿಯ ಟೈಲರಮ್ಮ. ಅವಳು ಕತ್ತರಿ ಎತ್ತಿಯೇ ಹೇಳಿದ್ದಳು: “ಆಗಲೇ ಎರಡು ಸಲ ಮುಂದೆ ಹಾಕಿದ್ರಿ. ಈ ಸೋಮವಾರ ತಪ್ಪಿದ್ರೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ.”

ಮೀಟರಣ್ಣ ಓಡಿಹೋಗಿ ರಜೆ ಕೇಳಿದ. ಸಾಹೇಬರು ತಲೆ ಎತ್ತದೆ “ಓಕೆ” ಅಂದರು. ಕುಣಿಯುತ್ತ ಹೊರಬಂದರೆ, ಸಮಿತಿಯ ಅಧ್ಯಕ್ಷರೂ ಆದ ಹೆಡ್ ಗುಮಾಸ್ತರು ಬಾಗಿಲಲ್ಲೇ ತಡೆದರು.

“ಯಾವ ಓಕೆಯಪ್ಪಾ?”

“ಸಾಹೇಬರನ್ನೇ ಕೇಳಿ, ಸಾರ್.”

“ಅಂದವರೇ ಅರ್ಥ ಹೇಳೋ ಹಾಗಿಲ್ಲ. ಪಕ್ಷಪಾತ ಆಗುತ್ತೆ.”

ಸಮಿತಿ ಕೂತಿತು. ಮೀಟರಣ್ಣ ಸಾಹೇಬರ ಹಾಗೆಯೇ ಕುರ್ಚಿಯಲ್ಲಿ ಕೂತು ಓಕೆ ಅಂದು ತೋರಿಸಿದ. ಕತ್ತಿನ ಬಾಗು ನೋಡಿ, ಅದು ‘ಕೇಳಿಸಿದೆ’ ವರ್ಗದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ರಜೆ ಇಲ್ಲ.

ಟೈಲರಮ್ಮ ಬಿಡುವ ಪೈಕಿಯೇ? ಸೋಮವಾರ ಊಟದ ಬಿಡುವಿಗೆ ಸರಿಯಾಗಿ ಹಾರ, ಅಕ್ಕ, ಮದುವೆ ನೋಂದಣಾಧಿಕಾರಿ ಸಮೇತ ಕಚೇರಿಗೇ ಬಂದಳು.

“ಒಪ್ಪಿಗೆಯೇನಮ್ಮಾ?” ಎಂದರು ನೋಂದಣಾಧಿಕಾರಿ.

“ಓಕೆ” ಅಂದಳು ಟೈಲರಮ್ಮ.

ಅಧ್ಯಕ್ಷರು ಕೈ ಎತ್ತಿದರು. “ಕಚೇರಿ ಆವರಣದಲ್ಲಿ ಅಂದದ್ದು. ಪರಿಶೀಲನೆಗೆ ಬರುತ್ತೆ.”

“ನನ್ನ ಓಕೆಗೆ ಅರ್ಥ ನಾನು ಹೇಳ್ತೀನಿ ರೀ!”

“ಹಾಗೆ ಹೇಳಬಾರದು ಕಣೇ,” ಮೀಟರಣ್ಣ ಮೆಲ್ಲಗೆ ತಿದ್ದಿದ, “ಪಕ್ಷಪಾತ ಆಗುತ್ತೆ.”

ಟೈಲರಮ್ಮ ಅವನನ್ನು ಅಳತೆ ತೆಗೆಯುವವಳ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಎತ್ತಿದ್ದ ಹಾರ ಅರ್ಧ ಕೆಳಗಿಳಿಯಿತು. ಗಾಬರಿಬಿದ್ದ ಸಮಿತಿ ನಿಂತ ನಿಲುವಿನಲ್ಲೇ ಪ್ರಕಟಣೆ ಹೊರಡಿಸಿತು: “ಅಂತಿಮ ತೀರ್ಮಾನ ಬರುವವರೆಗೆ ಸದರಿ ಇಬ್ಬರನ್ನು ಹಂಗಾಮಿ ದಂಪತಿಗಳೆಂದು ಪರಿಗಣಿಸತಕ್ಕದ್ದು.”

“ಹಂಗಾಮಿ ಅಂದ್ರೆ? ನಾಳೆ ತೆಗೆದುಹಾಕಿದ್ರೆ?” ಅಕ್ಕ ಸೊಂಟಕ್ಕೆ ಕೈಯಿಟ್ಟಳು.

“ಹೆದರಬೇಡಿ ತಾಯಿ,” ಅಂದರು ಅಧ್ಯಕ್ಷರು. “ನಾನೂ ಇಲ್ಲಿಗೆ ಹಂಗಾಮಿಯಾಗೇ ಬಂದದ್ದು. ಬರೋ ವರ್ಷ ನಿವೃತ್ತಿ.”

ನೋಂದಣಾಧಿಕಾರಿಯೂ ತಲೆದೂಗಿದರು. ಎಲ್ಲರಿಗೂ ಸಮಾಧಾನವಾಯಿತು. ಹಾರ ಬದಲಾದವು.

ಸಮಿತಿ ಇನ್ನೂ ಕೂತೇ ಇದೆ. ಹಂಗಾಮಿ ದಂಪತಿಗಳಿಗೆ ಈಗ ಇಬ್ಬರು ಮಕ್ಕಳು. ಅವರನ್ನು ಖಾಯಂ ಮಾಡುವ ಕಡತ ಚಲನೆಯಲ್ಲಿದೆ.